ಡು ಬಾಯ್ಸ್ ಅವರನ್ನು ಓದಲು ಒಂದು ದಾರಿ

ಅಮೆರಿಕದ ಕರಿಯ ಚಿಂತಕ ವಿಲಿಯಂ ಎಡ್ವರ್ಡ್ ಬರ್ಗ್‌ಹಾರ್ಟ್ ಡು ಬಾಯ್ಸ್ ಅವರನ್ನು ಓದಲು ಹೊರಟವರು ಅರ್ಧದಲ್ಲಿಯೇ ಕೈಬಿಡುವುದುಂಟು. ಅವರ ಬರವಣಿಗೆ ಕಠಿಣ ಎಂಬುದು ಅದಕ್ಕೆ ಕಾರಣವಲ್ಲ. ಯಾವ ತುದಿಯನ್ನು ಹಿಡಿಯಬೇಕು ಎಂಬುದೇ ತಿಳಿಯದಷ್ಟು ಅದು ಹರಡಿಕೊಂಡಿದೆ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿದು ಮೂರು ವರ್ಷವೂ ತುಂಬದಿದ್ದಾಗ, 1868ರ ಫೆಬ್ರವರಿ 23ರಂದು, ಮ್ಯಾಸಚೂಸೆಟ್ಸ್‌ನ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಈ ವ್ಯಕ್ತಿ ತೀರಿಕೊಂಡದ್ದು 1963ರ ಆಗಸ್ಟ್ 27ರಂದು, ಘಾನಾದ ಅಕ್ರಾ ನಗರದಲ್ಲಿ. ಮರುದಿನ ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣ ಕೇಳಲು ನೆರೆದ ಜನಸಾಗರಕ್ಕೆ ಆ ಸಾವಿನ ಸುದ್ದಿಯನ್ನು ವೇದಿಕೆಯಿಂದಲೇ ತಿಳಿಸಲಾಯಿತು. ಈ 95 ವರ್ಷಗಳಲ್ಲಿ ಅವರು ಇತಿಹಾಸ ಬರೆದರು, ಸಮಾಜಶಾಸ್ತ್ರದ ಸಮೀಕ್ಷೆಗಳನ್ನು ನಡೆಸಿದರು, 24 ವರ್ಷ ಒಂದು ಮಾಸಪತ್ರಿಕೆಯನ್ನು ಸಂಪಾದಿಸಿದರು, ಸಂಘಟನೆಗಳನ್ನು ಕಟ್ಟಿದರು ಮತ್ತು ಅವುಗಳಿಂದ ಹೊರಬಂದರು, ಐದು ಕಾದಂಬರಿಗಳನ್ನು ಪ್ರಕಟಿಸಿದರು.

ವಿದ್ವಾಂಸ, ಹೋರಾಟಗಾರ, ಕಾದಂಬರಿಕಾರ ಎಂದು ಮೂರು ಕಪಾಟುಗಳನ್ನು ಮಾಡಿ ಇವರನ್ನು ಓದಿದರೆ ಮೂವರೂ ದಕ್ಕುವುದಿಲ್ಲ. ನಾನು ಸೂಚಿಸುವ ಕ್ರಮ ಬೇರೆ. ಅವರ ಪ್ರತಿಯೊಂದು ಪುಸ್ತಕವನ್ನು ತೆರೆಯುವ ಮೊದಲು, ಇದನ್ನು ಬರೆಯುವ ಹೊತ್ತಿಗೆ ಇವರ ಎದುರು ಯಾವ ಬಾಗಿಲು ಮುಚ್ಚಿತ್ತು ಎಂದು ಕೇಳಿಕೊಳ್ಳಬೇಕು. ಡು ಬಾಯ್ಸ್ ಒಂದು ಸಾಧನದಿಂದ ಇನ್ನೊಂದಕ್ಕೆ ಹೋದದ್ದು ಬಹುಮುಖ ಪ್ರತಿಭೆಯ ವಿಲಾಸದಿಂದಲ್ಲ, ಹಿಂದಿನ ಸಾಧನ ಸೋತದ್ದರಿಂದ. ಒಂದು ನೋಟುಪುಸ್ತಕದ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ವರ್ಷ ಮತ್ತು ಘಟನೆ, ಬಲಕ್ಕೆ ಆ ವರ್ಷ ಅವರು ಬರೆದದ್ದು, ಹೀಗೆ ತುಂಬುತ್ತ ಹೋದರೆ ಸಾಕು. ಬೇರೆ ಸಲಕರಣೆ ಬೇಡ. ಹೆಸರಿನ ಉಚ್ಚಾರದ ಗೊಂದಲವನ್ನೂ ಇಲ್ಲಿಯೇ ಪರಿಹರಿಸಿಕೊಳ್ಳಬಹುದು. ಅದು ಫ್ರೆಂಚ್ ಮೂಲದ ಹೆಸರಾದರೂ ‘ದು ಬ್ವಾ’ ಅಲ್ಲ. ಕೊನೆಯ ಪದಕ್ಕೆ ಒತ್ತು ಕೊಟ್ಟು ‘ಡು ಬಾಯ್ಸ್’ ಎನ್ನಬೇಕೆಂದು ಅವರೇ ಹೇಳಿದ್ದರು.

ಆರಂಭಕ್ಕೆ ಜೀವನಚರಿತ್ರೆ ಬೇಡ. 1903ರಲ್ಲಿ ಬಂದ ‘ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ ಕೃತಿಯನ್ನು ಕೈಗೆತ್ತಿಕೊಳ್ಳಬೇಕು, ಆದರೆ ಮೊದಲ ಪುಟದಿಂದಲ್ಲ. ಅದರಲ್ಲಿ 14 ಅಧ್ಯಾಯಗಳಿವೆ. ಮೊದಲ ಅಧ್ಯಾಯದಲ್ಲಿ ಬರುವ, ತನ್ನನ್ನು ತಾನು ಸದಾ ಇತರರ ಕಣ್ಣಿನಿಂದಲೇ ನೋಡಿಕೊಳ್ಳಬೇಕಾದ ಇಬ್ಬಗೆಯ ಅರಿವಿನ ಮಾತು ಎಷ್ಟು ಪ್ರಸಿದ್ಧವೆಂದರೆ, ಅದನ್ನೇ ಮೊದಲು ಓದಿದವರು ಪುಸ್ತಕವೆಲ್ಲ ಮುಗಿಯಿತೆಂದು ಭಾವಿಸುವ ಅಪಾಯವಿದೆ. ಆದ್ದರಿಂದ ನಾಲ್ಕನೆಯ ಅಧ್ಯಾಯದಿಂದ ಹೊರಡುವುದು ಒಳ್ಳೆಯದು. ಫಿಸ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಬೇಸಿಗೆಯ ರಜೆಯಲ್ಲಿ ಟೆನೆಸ್ಸೀಯ ಹಳ್ಳಿಯೊಂದರಲ್ಲಿ ಮರದ ದಿಮ್ಮಿಗಳ ಕೊಠಡಿಯಲ್ಲಿ ಅವರು ಪಾಠ ಹೇಳಿದ ಕಥೆ ಅಲ್ಲಿದೆ. ಓದಬೇಕೆಂಬ ಹಂಬಲದ ಜೋಸಿ ಎಂಬ ಹುಡುಗಿ ಅಲ್ಲಿ ಬರುತ್ತಾಳೆ. ಹತ್ತು ವರ್ಷಗಳ ಮೇಲೆ ಅವರು ಮತ್ತೆ ಆ ಹಳ್ಳಿಗೆ ಹೋದಾಗ ಜೋಸಿ ಬದುಕಿರಲಿಲ್ಲ. ಪ್ರಗತಿ ಎಂಬ ಪದದ ಮೇಲೆ ಅವರಿಗೆ ಬಂದ ಅನುಮಾನವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ ಎನ್ನುವುದು ನನ್ನ ಓದು.

ಅದಾದ ಮೇಲೆ ಹನ್ನೊಂದನೆಯ ಅಧ್ಯಾಯವನ್ನು ಓದಬೇಕು; ಅದು ಚೊಚ್ಚಲ ಮಗನ ಸಾವಿನ ಬಗ್ಗೆ. ನಂತರ ಹದಿಮೂರನೆಯದು, ಅದು ಪ್ರಬಂಧವೇ ಅಲ್ಲ, ಜಾನ್ ಎಂಬ ಹೆಸರಿನ ಇಬ್ಬರು ಯುವಕರ ಸಣ್ಣಕಥೆ. ಒಬ್ಬ ಕರಿಯ, ಒಬ್ಬ ಬಿಳಿಯ, ಇಬ್ಬರೂ ಓದಲು ಉತ್ತರಕ್ಕೆ ಹೋದವರು, ಇಬ್ಬರೂ ಊರಿಗೆ ಮರಳುವವರು. ಕಾದಂಬರಿಕಾರ ಡು ಬಾಯ್ಸ್ ಮೊದಲು ಕಾಣಿಸಿಕೊಳ್ಳುವುದು ಹೀಗೆ, ಪ್ರಬಂಧಗಳ ನಡುವೆ, ಬಾಗಿಲು ತಟ್ಟದೆ. ಈ ಮೂರನ್ನು ಮುಗಿಸಿದ ಮೇಲೆ ಮೊದಲ ಅಧ್ಯಾಯಕ್ಕೆ ಮರಳಿದರೆ ಅಲ್ಲಿನ ಸಿದ್ಧಾಂತದ ಮಾತಿಗೆ ಮೈ ಬಂದಿರುತ್ತದೆ. ಶಾಲೆಯಲ್ಲಿ ಮಕ್ಕಳು ಪರಸ್ಪರ ವಿಸಿಟಿಂಗ್ ಕಾರ್ಡು ಹಂಚಿಕೊಳ್ಳುವಾಗ ಹೊಸದಾಗಿ ಬಂದ ಹುಡುಗಿಯೊಬ್ಬಳು ಇವರ ಕಾರ್ಡನ್ನು ತೆಗೆದುಕೊಳ್ಳಲಿಲ್ಲವೆಂಬ ಪುಟ್ಟ ಘಟನೆ, ಮುಂದೆ ಎರಡು ಲೋಕಗಳ ನಡುವಿನ ತೆರೆಯಾಗಿ ಹೇಗೆ ಬೆಳೆಯುತ್ತದೆ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ಪ್ರತಿ ಅಧ್ಯಾಯದ ತಲೆಯ ಮೇಲೆ ಒಂದು ಕವಿತೆಯ ಸಾಲುಗಳೂ ಅವುಗಳ ಕೆಳಗೆ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದ ಒಂದೆರಡು ಸಾಲು ಸಂಗೀತವೂ ಇವೆ. ಸ್ವರಲಿಪಿ ಬಾರದ ನಮ್ಮಂಥವರು ಅದನ್ನು ಅಲಂಕಾರವೆಂದು ದಾಟಿಬಿಡುತ್ತೇವೆ, ದಾಟಬಾರದು. ಅವು ಗುಲಾಮರು ಹಾಡುತ್ತಿದ್ದ ದುಃಖದ ಹಾಡುಗಳು, ಪದಗಳಿಲ್ಲದೆ ಬರಿಯ ಸ್ವರವಾಗಿ ಅಚ್ಚಾಗಿವೆ. ಯಾವ ಹಾಡಿನ ಸ್ವರ ಎಲ್ಲಿದೆ ಎಂಬುದರ ಸುಳಿವು ಕೊನೆಯ ಅಧ್ಯಾಯದಲ್ಲಿ ಸಿಗುತ್ತದೆ. ಫಿಸ್ಕ್‌ನ ಜೂಬಿಲಿ ಗಾಯಕರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾಡಿದ ಧ್ವನಿಮುದ್ರಣಗಳು ಅಂತರ್ಜಾಲದಲ್ಲಿ ಕೇಳಲು ಸಿಗುತ್ತವೆ. ಒಂದೆರಡನ್ನು ಕೇಳಿದ ಮೇಲೆ ಅಧ್ಯಾಯವನ್ನು ಓದಿದರೆ ಗದ್ಯದ ಲಯವೇ ಬದಲಾದಂತೆ ತೋರುತ್ತದೆ.

ಈಗ ನೋಟುಪುಸ್ತಕದ ಎಡಬದಿಗೆ ಹೋಗಬಹುದು. ಬಾಲ್ಯ ಮತ್ತು ವಿದ್ಯಾಭ್ಯಾಸಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ತಂದೆ ಮನೆ ಬಿಟ್ಟು ಹೋದದ್ದು, 1885ರಲ್ಲಿ ತಾಯಿ ತೀರಿಕೊಂಡದ್ದು, ಊರಿನ ಚರ್ಚುಗಳವರು ಹಣ ಕೂಡಿಸಿ ಫಿಸ್ಕ್‌ಗೆ ಕಳುಹಿಸಿದ್ದು, ಅಲ್ಲಿಂದ ಹಾರ್ವರ್ಡ್, ನಡುವೆ 1892ರಿಂದ 1894ರವರೆಗೆ ಬರ್ಲಿನ್, 1895ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್. ಆ ಪದವಿಯನ್ನು ಅಲ್ಲಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವರು. ಪ್ರಬಂಧದ ವಿಷಯ ಅಮೆರಿಕಕ್ಕೆ ನಡೆಯುತ್ತಿದ್ದ ಗುಲಾಮರ ವ್ಯಾಪಾರವನ್ನು ತಡೆಯಲು ನಡೆದ ಪ್ರಯತ್ನಗಳು. ಮರುವರ್ಷ ಅದು ಹಾರ್ವರ್ಡ್‌ನ ಇತಿಹಾಸಮಾಲೆಯ ಮೊದಲ ಸಂಪುಟವಾಗಿ ಬಂದಿತು.

ನಿಧಾನವಾಗಿ ಓದಬೇಕಾದದ್ದು 1896ರಿಂದ 1906ರವರೆಗಿನ ಹತ್ತು ವರ್ಷಗಳನ್ನು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವರನ್ನು ಫಿಲಡೆಲ್ಫಿಯಾದ ಏಳನೆಯ ವಾರ್ಡಿನ ಕರಿಯರ ಬದುಕನ್ನು ಅಧ್ಯಯನ ಮಾಡಲು ಕರೆಯಿತು. ಒಂಬತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ಆ ವಾರ್ಡಿನಲ್ಲಿ ಅವರು ತಾವೇ ಮನೆಮನೆಗೆ ಹೋಗಿ ಪ್ರಶ್ನಾವಳಿಗಳನ್ನು ತುಂಬಿದರು. 1899ರಲ್ಲಿ ಪ್ರಕಟವಾದ ‘ದಿ ಫಿಲಡೆಲ್ಫಿಯಾ ನೀಗ್ರೋ’ ಅದರ ಫಲ. ಇದನ್ನು ಆದ್ಯಂತ ಓದುವ ಅಗತ್ಯ ಸಾಮಾನ್ಯ ಓದುಗರಿಗಿಲ್ಲ; ಉದ್ಯೋಗಗಳ ಕುರಿತ ಅಧ್ಯಾಯವೊಂದನ್ನೂ, ಬಣ್ಣದಿಂದ ಮನೆಗಳನ್ನು ಗುರುತಿಸಿದ ನಕ್ಷೆಯನ್ನೂ ನೋಡಿದರೆ ಅವರ ಆಗಿನ ನಂಬಿಕೆ ಸ್ಪಷ್ಟವಾಗುತ್ತದೆ. ಜನ ಅನ್ಯಾಯ ಮಾಡುವುದು ತಿಳಿಯದೆ, ಸತ್ಯಾಂಶಗಳನ್ನು ಮುಂದಿಟ್ಟರೆ ಅನ್ಯಾಯ ಕರಗುತ್ತದೆ ಎಂಬುದು ಆ ನಂಬಿಕೆ. 1900ರ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ತಾವು ಪಾಠ ಹೇಳುತ್ತಿದ್ದ ಅಟ್ಲಾಂಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಜೊತೆ ಅವರು ಕೈಯಿಂದ ಬಿಡಿಸಿ ಬಣ್ಣ ತುಂಬಿದ ಸುಮಾರು 60 ಅಂಕಿಚಿತ್ರಗಳು ಇದೇ ನಂಬಿಕೆಯ ಕೂಸುಗಳು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ಇಂಗ್ಲಿಷಿನಲ್ಲಿ ನೂರು ಪುಟ ಓದಲು ಹಿಂಜರಿಯುವವರು ಮೊದಲು ಈ ಚಿತ್ರಗಳನ್ನೇ ನೋಡಲಿ.

ಆ ನಂಬಿಕೆ ಬಿರುಕು ಬಿಡತೊಡಗಿದ್ದು 1899ರಲ್ಲಿಯೇ. ಆ ವರ್ಷದ ಏಪ್ರಿಲ್‌ನಲ್ಲಿ ಜಾರ್ಜಿಯಾದಲ್ಲಿ ಸ್ಯಾಮ್ ಹೋಸ್ ಎಂಬ ಕರಿಯ ಕೂಲಿಯನ್ನು ಗುಂಪೊಂದು ಚಿತ್ರಹಿಂಸೆ ಕೊಟ್ಟು ಸುಟ್ಟುಹಾಕಿತು. ವಿವೇಕದ ಮಾತುಗಳ ಒಂದು ಪತ್ರವನ್ನು ಬರೆದುಕೊಂಡು ಡು ಬಾಯ್ಸ್ ಪತ್ರಿಕಾ ಕಚೇರಿಗೆ ಹೊರಟಿದ್ದರು. ಸತ್ತವನ ಬೆರಳಿನ ಗೆಣ್ಣುಗಳನ್ನು ಅದೇ ರಸ್ತೆಯ ದಿನಸಿ ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆಂದು ದಾರಿಯಲ್ಲಿ ಕೇಳಿ ಅವರು ಮನೆಗೆ ಮರಳಿದರು. ಮೇ ತಿಂಗಳಲ್ಲಿ ಮಗ ಗಂಟಲಮಾರಿಯಿಂದ ತೀರಿಕೊಂಡ. ಹನ್ನೊಂದನೆಯ ಅಧ್ಯಾಯವನ್ನು ಈಗ ಇನ್ನೊಮ್ಮೆ ತೆಗೆದರೆ, ಮಗು ಸತ್ತ ದುಃಖದ ನಡುವೆಯೇ ‘ಇವನು ಪಾರಾದ’ ಎಂಬಂಥ ಒಂದು ಭಯಂಕರ ಸಮಾಧಾನ ಏಕೆ ಇಣುಕುತ್ತದೆ ಎಂಬುದಕ್ಕೆ ಎಡಬದಿಯ ಎರಡು ಸಾಲುಗಳೇ ಉತ್ತರ ಕೊಡುತ್ತವೆ.

ಆ ಕಾಲದ ಪ್ರಭಾವಿ ಕರಿಯ ನಾಯಕ ಬುಕರ್ ವಾಷಿಂಗ್ಟನ್ ಅವರೊಡನೆ ನಡೆದ ವಿವಾದವನ್ನು ಓದುವಾಗ ಒಂದು ಎಚ್ಚರ ಬೇಕು. ಕಸುಬು ಕಲಿಯಿರಿ, ಮತದಾನದ ಹಕ್ಕಿಗೆ ಸದ್ಯಕ್ಕೆ ಹಟ ಹಿಡಿಯಬೇಡಿ ಎಂಬ ವಾಷಿಂಗ್ಟನ್ ಅವರ ನಿಲುವನ್ನು ‘ಸೋಲ್ಸ್’ನ ಮೂರನೆಯ ಅಧ್ಯಾಯ ಖಂಡಿಸುತ್ತದೆ. ಇದನ್ನು ಇಬ್ಬರ ವೈಯಕ್ತಿಕ ಜಗಳವೆಂದು ನೋಡಿದರೆ ಏನೂ ಸಿಗದು. ವಾಷಿಂಗ್ಟನ್ ಅವರ 1895ರ ಅಟ್ಲಾಂಟಾ ಭಾಷಣವನ್ನು ಮೊದಲು ಓದಿ, ಆಮೇಲೆ ಆ ಅಧ್ಯಾಯವನ್ನು ಓದುವುದು ನ್ಯಾಯ. ಭಾಷಣ ಕೆಲವೇ ಪುಟಗಳದು. ಇದರ ಮುಂದುವರಿಕೆ ಕರಿಯರಿಗೆ ಪೂರ್ಣ ಹಕ್ಕು ಕೇಳಿದ 1905ರ ನಯಾಗರಾ ಚಳವಳಿ, ಅದರ ಮುಂದುವರಿಕೆ 1909ರಲ್ಲಿ ಹುಟ್ಟಿದ, ಕರಿಯರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆ.

ಕಾದಂಬರಿಗೆ ದಾರಿ ತೆರೆದದ್ದು ಇನ್ನೊಂದು ಮುಚ್ಚಿದ ಬಾಗಿಲು. 1906ರಲ್ಲಿ ಅವರು ಅಮೆರಿಕ ಸರ್ಕಾರದ ಕಾರ್ಮಿಕ ಇಲಾಖೆಯ ಪರವಾಗಿ ಅಲಬಾಮಾದ ಲೌಂಡ್ಸ್ ಕೌಂಟಿಯಲ್ಲಿ ಹತ್ತಿ ಬೆಳೆಯುವ ಕರಿಯ ಕುಟುಂಬಗಳ ಭೂಮಿ, ಸಾಲ, ದುಡಿಮೆಗಳ ವಿಸ್ತಾರವಾದ ಸಮೀಕ್ಷೆ ನಡೆಸಿದರು. ಇಲಾಖೆ ಅದನ್ನು ಪ್ರಕಟಿಸಲಿಲ್ಲ. ವಿಚಾರಿಸಿದಾಗ ಹಸ್ತಪ್ರತಿ ನಾಶವಾಗಿದೆಯೆಂಬ ಉತ್ತರ ಬಂದಿತು. 1911ರಲ್ಲಿ ಬಂದ ಅವರ ಮೊದಲ ಕಾದಂಬರಿ ‘ದಿ ಕ್ವೆಸ್ಟ್ ಆಫ್ ದಿ ಸಿಲ್ವರ್ ಫ್ಲೀಸ್’ ನಡೆಯುವುದು ಅಲಬಾಮಾದಲ್ಲಿಯೇ, ಹತ್ತಿಯ ಸುತ್ತಲೇ. ಜೋರಾ ಎಂಬ ಹುಡುಗಿಯೂ ಬ್ಲೆಸ್ ಎಂಬ ಹುಡುಗನೂ ಜೌಗು ನೆಲವನ್ನು ಹದಮಾಡಿ ಬೆಳೆದ ಬೆಳ್ಳನೆಯ ಹತ್ತಿ ಅವರ ಕೈಗೆ ಉಳಿಯುವುದಿಲ್ಲ. ಜಮೀನ್ದಾರನ ಲೆಕ್ಕದ ಪುಸ್ತಕದಲ್ಲಿ ಬೆಳೆಗಿಂತ ಸಾಲವೇ ಯಾವಾಗಲೂ ಹೆಚ್ಚು. ಅಂಕಿಗಳಲ್ಲಿ ಹೇಳಿದ್ದು ನಾಶವಾಯಿತು, ಅದನ್ನೇ ಕಥೆಯಲ್ಲಿ ಹೇಳಿದರು. ಕಾದಂಬರಿಯಾಗಿ ಅದು ಅಲ್ಲಲ್ಲಿ ಭಾಷಣವಾಗುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಜೋರಾಳ ಭಾಗಗಳನ್ನು ಗಮನವಿಟ್ಟು ಓದಿ, ವಾಷಿಂಗ್ಟನ್ ನಗರದ ರಾಜಕೀಯದ ಭಾಗಗಳನ್ನು ಬೇಗ ಬೇಗ ದಾಟಿದರೂ ನಷ್ಟವಿಲ್ಲ.

1910ರ ನವೆಂಬರಿನಲ್ಲಿ ಶುರುವಾದ, ಎನ್‌ಎಎಸಿಪಿಗಾಗಿ ಅವರು ಸಂಪಾದಿಸುತ್ತಿದ್ದ ‘ದಿ ಕ್ರೈಸಿಸ್’ ಮಾಸಪತ್ರಿಕೆಯನ್ನು ಸಂಕಲನಗಳಲ್ಲಿ ಓದುವುದಕ್ಕಿಂತ ಇಡೀ ಸಂಚಿಕೆಯಾಗಿ ಓದುವುದು ಲೇಸು. ಮೊದಲ ಸಂಚಿಕೆ ಒಂದು ಸಾವಿರ ಪ್ರತಿಗಳು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಪ್ರಸಾರ ಲಕ್ಷವನ್ನು ಮುಟ್ಟಿತು. 1910ರಿಂದ 1922ರವರೆಗಿನ ಸಂಚಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ಯಾವುದಾದರೊಂದು ಸಂಚಿಕೆಯನ್ನು ಜಾಹೀರಾತುಗಳ ಸಮೇತ ಪುಟಪುಟವಾಗಿ ನೋಡಬೇಕು. ಗುಂಪುಹತ್ಯೆಯ ವರದಿಯ ಎದುರಿನ ಪುಟದಲ್ಲಿ ಕಾಲೇಜು ಮುಗಿಸಿದ ಯುವಕ ಯುವತಿಯರ ಭಾವಚಿತ್ರಗಳಿರಬಹುದು, ಅದರ ಮುಂದೆ ಕವಿತೆ. ಸಂಪಾದಕ ಒಂದು ಜನಾಂಗದ ದುಃಖವನ್ನೂ ಹೆಮ್ಮೆಯನ್ನೂ ಒಂದೇ ದಾರದಲ್ಲಿ ಹೇಗೆ ಹೊಲಿಯುತ್ತಿದ್ದರು ಎಂಬುದು ಆಯ್ದ ಸಂಪಾದಕೀಯಗಳಲ್ಲಿ ಕಾಣುವುದಿಲ್ಲ. 1919ರಿಂದ ಸಾಹಿತ್ಯ ವಿಭಾಗವನ್ನು ನೋಡಿಕೊಂಡವರು ಜೆಸ್ಸಿ ಫಾಸೆಟ್. ನ್ಯೂಯಾರ್ಕಿನ ಕರಿಯರ ಬಡಾವಣೆ ಹಾರ್ಲೆಮ್‌ನ ಹೊಸ ಬರಹಗಾರರಲ್ಲಿ ಅನೇಕರು ಅವರ ಕೈಯಿಂದ ದಾಟಿ ಬಂದವರು.

ಭಾರತದ ಓದುಗರು ಬಿಡಬಾರದ ಕೃತಿ 1928ರ ಕಾದಂಬರಿ ‘ಡಾರ್ಕ್ ಪ್ರಿನ್ಸೆಸ್’. ಕರಿಯನೆಂಬ ಕಾರಣಕ್ಕೆ ವೈದ್ಯಶಿಕ್ಷಣದ ಹೆರಿಗೆ ವಿಭಾಗಕ್ಕೆ ಪ್ರವೇಶ ಸಿಗದ ಮ್ಯಾಥ್ಯೂ ಟೌನ್ಸ್ ಅಮೆರಿಕ ಬಿಟ್ಟು ಬರ್ಲಿನ್‌ಗೆ ಹೋಗುತ್ತಾನೆ. ಅಲ್ಲಿ ಬ್ವೋಡ್‌ಪುರವೆಂಬ ಕಲ್ಪಿತ ಭಾರತೀಯ ಸಂಸ್ಥಾನದ ರಾಜಕುಮಾರಿಯನ್ನು ಭೇಟಿಯಾಗುತ್ತಾನೆ. ರಾಜಕುಮಾರಿಯ ಹೆಸರು ಕೌಟಿಲ್ಯ! ನಮ್ಮಲ್ಲಿ ಯಾರಾದರೂ ಆ ಹೆಸರಿನ ಬಳಿ ಒಂದು ಗಳಿಗೆ ನಿಂತು ನಕ್ಕರೆ ತಪ್ಪಿಲ್ಲ. ಆದರೆ ನಕ್ಕು ಪುಸ್ತಕ ಮುಚ್ಚಬಾರದು. ಇದರಲ್ಲಿ ಭಾರತದ ಯಥಾರ್ಥ ಚಿತ್ರವನ್ನು ಹುಡುಕುವುದು ವ್ಯರ್ಥ. ಏಷ್ಯಾ ಆಫ್ರಿಕಾಗಳ ಬಣ್ಣದ ಜನರೆಲ್ಲ ಒಂದಾಗಬೇಕಾದರೆ ಮೊದಲು ತಮ್ಮೊಳಗಿನ ಮೇಲುಕೀಳನ್ನು ಎದುರಿಸಬೇಕಲ್ಲ ಎಂಬ ಪ್ರಶ್ನೆಯನ್ನು ಹುಡುಕಬೇಕು. ಬರ್ಲಿನ್‌ನ ಒಂದು ಔತಣಕೂಟದಲ್ಲಿ, ಅಮೆರಿಕದ ಕರಿಯರು ಈ ಕೂಟಕ್ಕೆ ಅರ್ಹರೇ ಎಂದು ಬೇರೆ ದೇಶಗಳ ಬಣ್ಣದ ಜನರೇ ಸಂದೇಹಿಸುವ ಸಂದರ್ಭ ಪುಸ್ತಕದ ತಿರುಳು. ಇದರ ಹಿಂದೆ ಒಂದು ನಿಜವಾದ ಸ್ನೇಹವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿದ್ದ ಲಾಲಾ ಲಜಪತ ರಾಯ್ ಅವರ ಪರಿಚಯ ಡು ಬಾಯ್ಸ್ ಅವರಿಗಿತ್ತು. ಭಾರತಕ್ಕೆ ಸಂಬಂಧಿಸಿದ ಭಾಗಗಳನ್ನು ಅವರು ರಾಯ್ ಅವರಿಗೆ ಕಳುಹಿಸಿ ಸಲಹೆ ಕೇಳಿದ್ದರು. ಕಾದಂಬರಿ ಬಂದ ವರ್ಷವೇ, ನವೆಂಬರಿನಲ್ಲಿ, ರಾಯ್ ತೀರಿಕೊಂಡರು. ಮರುವರ್ಷದ ಜುಲೈ ಸಂಚಿಕೆಯ ‘ಕ್ರೈಸಿಸ್’ನಲ್ಲಿ ಗಾಂಧೀಜಿಯವರ ಸಂದೇಶ ಅಚ್ಚಾಯಿತು. 1947ರಲ್ಲಿ ಭಾರತ ಸ್ವತಂತ್ರವಾದಾಗ ಆಗಸ್ಟ್ 15 ಎರಡು ಶತಮಾನಗಳ ಅತ್ಯಂತ ದೊಡ್ಡ ದಿನವೆಂಬ ಅರ್ಥದಲ್ಲಿ ಅವರು ಬರೆದರು.

1934ರಲ್ಲಿ ಎನ್‌ಎಎಸಿಪಿ ಬಿಟ್ಟು ಅಟ್ಲಾಂಟಾಕ್ಕೆ ಮರಳಿದ ಮೇಲೆ ಬಂದದ್ದು ಅವರ ವಿದ್ವತ್ತಿನ ಶಿಖರ, 1935ರ ‘ಬ್ಲ್ಯಾಕ್ ರೀಕನ್ಸ್‌ಟ್ರಕ್ಷನ್’. ಏಳುನೂರು ಪುಟಗಳಿಗೂ ಮೀರಿದ ಈ ಗ್ರಂಥವನ್ನು ಹಿಂದಿನಿಂದ ಓದಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳ ನಡುವಣ ಅಂತರ್ಯುದ್ಧದ ನಂತರ ಕರಿಯರಿಗೆ ಮತದಾನದ ಹಕ್ಕು ಕೊಟ್ಟದ್ದೇ ದಕ್ಷಿಣದ ದುರಂತವೆಂದು ಆ ಕಾಲದ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಕೊನೆಯ ಅಧ್ಯಾಯ ಆ ಪಠ್ಯಪುಸ್ತಕಗಳನ್ನೇ ಎದುರಿಗಿಟ್ಟುಕೊಂಡು, ಇತಿಹಾಸವು ಪ್ರಚಾರವಾಗುವ ಬಗೆಯನ್ನು ಬಯಲು ಮಾಡುತ್ತದೆ. ಅದನ್ನು ಓದಿಕೊಂಡು ನಾಲ್ಕನೆಯ ಅಧ್ಯಾಯಕ್ಕೆ ಬಂದರೆ, ತೋಟಗಳನ್ನು ಬಿಟ್ಟು ಉತ್ತರದ ಸೈನ್ಯದತ್ತ ನಡೆದ ಲಕ್ಷಾಂತರ ಗುಲಾಮರನ್ನು ಓಡಿಹೋದವರೆನ್ನದೆ ಸಾರ್ವತ್ರಿಕ ಮುಷ್ಕರ ಹೂಡಿದವರೆಂದು ಕರೆಯುವ ವಾದದ ತೂಕ ತಿಳಿಯುತ್ತದೆ. ಉಳಿದ ಅಧ್ಯಾಯಗಳನ್ನು ರಾಜ್ಯವಾರು, ಬೇಕಾದಾಗ ನೋಡಬಹುದು.

ಕೊನೆಯ ಇಪ್ಪತ್ತು ವರ್ಷಗಳನ್ನು ಓದುವಾಗ ಭಕ್ತಿಯೂ ಬೇಡ, ತೀರ್ಪು ಕೊಡುವ ಅವಸರವೂ ಬೇಡ. ಅಣ್ವಸ್ತ್ರ ವಿರೋಧಿ ಪ್ರಚಾರಕ್ಕಾಗಿ 1951ರಲ್ಲಿ ಸರ್ಕಾರ ಅವರ ಮೇಲೆ ವಿದೇಶಿ ಏಜೆಂಟನೆಂಬ ಮೊಕದ್ದಮೆ ಹೂಡಿತು. ಇಳಿವಯಸ್ಸಿನ ಅವರ ಕೈಗೆ ಕೋಳ ತೊಡಿಸಿತು. ನವೆಂಬರಿನಲ್ಲಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತಾದರೂ ಮುಂದೆ 1958ರವರೆಗೆ ಪಾಸ್‌ಪೋರ್ಟ್ ಸಿಗಲಿಲ್ಲ. ಆ ಸಿಟ್ಟನ್ನು ಅರ್ಥಮಾಡಿಕೊಂಡೂ, 1953ರಲ್ಲಿ ಸ್ಟಾಲಿನ್ ಸತ್ತಾಗ ಅವರು ಬರೆದ ಹೊಗಳಿಕೆಯನ್ನು ಹಾಗೆಯೇ ಬಲಬದಿಯಲ್ಲಿ ಗುರುತು ಹಾಕಿಕೊಳ್ಳಬೇಕು. 1918ರ ಜುಲೈನಲ್ಲಿ, ಯುದ್ಧ ಮುಗಿಯುವವರೆಗೆ ನಮ್ಮ ದೂರುಗಳನ್ನು ಮರೆಯೋಣವೆಂದು ಬರೆದ ಸಂಪಾದಕೀಯವನ್ನೂ, ಅದೇ ಹೊತ್ತಿನಲ್ಲಿ ಅವರಿಗೆ ಸೈನ್ಯದ ಕ್ಯಾಪ್ಟನ್ ಹುದ್ದೆ ಕೊಡುವ ಮಾತುಕತೆ ನಡೆಯುತ್ತಿದ್ದುದನ್ನೂ ಅಕ್ಕಪಕ್ಕ ಬರೆದಿಡಬೇಕು. ಗುಂಪುಹತ್ಯೆಯ ವಿರುದ್ಧ ಅವರಿಗಿಂತ ಮೊದಲೇ ದನಿ ಎತ್ತಿದ ಐಡಾ ವೆಲ್ಸ್, ಎನ್‌ಎಎಸಿಪಿಯ ಸ್ಥಾಪಕರ ಪಟ್ಟಿಯಿಂದ ತನ್ನ ಹೆಸರನ್ನು ತೆಗೆದವರು ಡು ಬಾಯ್ಸ್ ಎಂದು ತಮ್ಮ ಆತ್ಮಕತೆಯಲ್ಲಿ ಹೇಳುತ್ತಾರೆ. ಆ ಪುಟಗಳನ್ನೂ ಓದಬೇಕು. ಡು ಬಾಯ್ಸ್ ತಮ್ಮ ಬದುಕನ್ನು ಒಂದಕ್ಕಿಂತ ಹೆಚ್ಚು ಬಾರಿ ಬರೆದುಕೊಂಡಿದ್ದಾರೆ. 1940ರ ‘ಡಸ್ಕ್ ಆಫ್ ಡಾನ್’ ಮತ್ತು ಮರಣಾನಂತರ 1968ರಲ್ಲಿ ಬಂದ ಆತ್ಮಕತೆಗಳಲ್ಲಿ ಒಂದೇ ಘಟನೆ ಹೇಗೆ ಹೇಗೆ ಬಂದಿದೆ ಎಂದು ಹೋಲಿಸುವುದು ಒಳ್ಳೆಯ ಅಭ್ಯಾಸ. 1957ರಿಂದ 1961ರವರೆಗೆ ಬಂದ ಮ್ಯಾನ್ಸಾರ್ಟ್ ಕಾದಂಬರಿತ್ರಯವನ್ನು ಎಲ್ಲಕ್ಕೂ ಕೊನೆಗೆ ಇಟ್ಟುಕೊಳ್ಳಬೇಕು. ಮಿಕ್ಕದ್ದನ್ನು ಓದದವರಿಗೆ ಅದು ಉದ್ದವಾಗಿ ಕಾಣುತ್ತದೆ, ಓದಿದವರಿಗೆ ಅದು ಬೇರೆ ಹೆಸರಿನಲ್ಲಿ ಬರೆದ ಇನ್ನೊಂದು ಆತ್ಮಕತೆಯಾಗಿ ಕಾಣುತ್ತದೆ.

ಪುಸ್ತಕಗಳಾಚೆಗೆ ಹೋಗಬಯಸುವವರಿಗೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಗ್ರಂಥಾಲಯವಿದೆ. ಅವರ ಪತ್ರಗಳನ್ನೆಲ್ಲ ಅಲ್ಲಿನವರು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಹುಡುಕುವ ಜಾಗದಲ್ಲಿ ಅಂಬೇಡ್ಕರ್ ಅವರ ಹೆಸರನ್ನು ಇಂಗ್ಲಿಷಿನಲ್ಲಿ ಕೊಟ್ಟರೆ 1946ರ ಪತ್ರ ಸಿಗುತ್ತದೆ. ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಬಾಬಾಸಾಹೇಬರು ಅದರಲ್ಲಿ ಕೇಳಿದ್ದಾರೆ, ಅಸ್ಪೃಶ್ಯರ ಸ್ಥಿತಿಗೂ ಕರಿಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಸೂಚಿಸಿದ್ದಾರೆ. ತಮ್ಮ ಹೆಸರನ್ನೂ ಕೆಲಸವನ್ನೂ ಬಲ್ಲೆ, ಅಸ್ಪೃಶ್ಯರ ಬಗ್ಗೆ ನನ್ನ ಸಹಾನುಭೂತಿ ಪೂರ್ತಿಯಾಗಿ ಇದೆ ಎಂಬರ್ಥದ ಉತ್ತರವನ್ನು ಡು ಬಾಯ್ಸ್ ಅದೇ ವರ್ಷದ ಜುಲೈನಲ್ಲಿ ಬರೆದರು. ಎರಡೂ ಪುಟ್ಟ ಪತ್ರಗಳು. ಮರುವರ್ಷ, 1947ರಲ್ಲಿ, ಡು ಬಾಯ್ಸ್ ತಾವೇ ಸಂಪಾದಿಸಿದ ಇನ್ನೊಂದು ಮನವಿ ವಿಶ್ವಸಂಸ್ಥೆಗೆ ಹೋಯಿತು.

ಕನ್ನಡಕ್ಕೆ ತರಬೇಕೆನ್ನುವವರಿಗೆ ಒಂದೆರಡು ಮಾತು. ನಮ್ಮ ಕಾಯ್ದೆಯಂತೆ ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯವಿರುತ್ತದೆ. ಆದ್ದರಿಂದ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿಯಿಂದ ಭಾರತದಲ್ಲಿ ಮುಕ್ತವಾಗಿವೆ. ಮರಣಾನಂತರ ಬಂದವುಗಳ ಲೆಕ್ಕ ಬೇರೆ, ಅವುಗಳನ್ನು ಮುಟ್ಟುವ ಮೊದಲು ವಿಚಾರಿಸಬೇಕು. ಪದಗಳ ವಿಷಯದಲ್ಲಿ, ಅವರ ‘ಕಲರ್ ಲೈನ್’ ಎಂಬುದನ್ನು ‘ವರ್ಣರೇಖೆ’ ಎಂದು ಬರೆದ ಕೂಡಲೇ ನಮ್ಮ ನಾಲ್ಕು ವರ್ಣಗಳು ವಾಕ್ಯದೊಳಗೆ ನುಗ್ಗುತ್ತವೆ. ‘ಬಣ್ಣದ ಗೆರೆ’ ಎಂದರೆ ಇಪ್ಪತ್ತನೆಯ ಶತಮಾನದ ಸಮಸ್ಯೆಯೇ ಅದು ಎಂಬ ಅವರ ಪ್ರಸಿದ್ಧ ಮಾತು ತನ್ನ ನೆಲದಲ್ಲಿಯೇ ನಿಲ್ಲುತ್ತದೆ. ಎರಡು ಲೋಕಗಳ ನಡುವೆ ಅವರು ಕಂಡ ‘ವೇಲ್’ಗೆ ‘ತೆರೆ’ ಎಂದರೆ ಅಲೆಯೂ ಆದೀತು, ‘ಮುಸುಕು’ ಎಂದರೆ ಹೆಣ್ಣಿನ ಬಟ್ಟೆಯಷ್ಟೇ ಆದೀತು. ನಾನು ‘ತೆರೆ’ಯನ್ನೇ ಆರಿಸಿ ಮೊದಲ ಬಾರಿ ಬಂದಾಗ ವಾಕ್ಯದಲ್ಲಿಯೇ ಅರ್ಥ ಬಿಡಿಸುತ್ತೇನೆ. ನೀಗ್ರೋ ಎಂಬ ಪದವನ್ನು ಅವರ ಕಾಲದ ಬರಹಗಳಲ್ಲಿ ಹಾಗೆಯೇ ಉಳಿಸಬೇಕು, ನಮ್ಮ ವಿವರಣೆಯಲ್ಲಿ ಬಳಸಬಾರದು. ಅದರ ಮೊದಲ ಅಕ್ಷರವನ್ನು ದೊಡ್ಡಕ್ಷರದಲ್ಲಿ ಅಚ್ಚು ಮಾಡಬೇಕೆಂದು ಅವರು ದಶಕಗಳ ಕಾಲ ಹಟ ಹಿಡಿದಿದ್ದರು. ನ್ಯೂಯಾರ್ಕ್ ಟೈಮ್ಸ್ ಅದಕ್ಕೆ ಒಪ್ಪಿದ್ದು 1930ರಲ್ಲಿ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲದ ನಮ್ಮ ಲಿಪಿಯಲ್ಲಿ ಆ ಹೋರಾಟ ಕಾಣದಂತೆ ಮಾಯವಾಗುತ್ತದೆ, ಆದ್ದರಿಂದ ಅದನ್ನು ಮುನ್ನುಡಿಯಲ್ಲಿ ಹೇಳಲೇಬೇಕು. ಅಧ್ಯಾಯಗಳ ತಲೆಯ ಮೇಲಿನ ಸ್ವರಲಿಪಿಯನ್ನು ಮಾತ್ರ ಅನುವಾದಿಸಲು ಹೋಗದೆ, ಮೂಲದಲ್ಲಿ ಇದ್ದಂತೆಯೇ ಅಚ್ಚು ಹಾಕಿಸಬೇಕು.